ಜಮಖಾನೆಯ ಖಾಲಿ ತೂಕ

ಹೆಸರಿಡುವುದು ತಂದೆತಾಯಿಯ ಕೆಲಸ, ಅದನ್ನು ಅಳಿಸಿ ಬೇರೆ ಬರೆಯುವುದು ಬೀದಿಯ ಕೆಲಸ. ನಮ್ಮ ಬೀದಿ ಒಬ್ಬರ ಹೆಸರನ್ನು ಎಷ್ಟು ಚೊಕ್ಕವಾಗಿ ಅಳಿಸಿಹಾಕಿತ್ತೆಂದರೆ, ಅಂಚೆಯವನು ಬಂದು ಕಾಗದದ ಮೇಲಿನ ಹೆಸರನ್ನು ಓದಿದಾಗ ಎದುರು ಮನೆಯವರೇ, "ಅಂಥವರು ಯಾರೂ ಇಲ್ಲಿಲ್ಲಪ್ಪ" ಎಂದು ವಾಪಸ್ಸು ಕಳಿಸಿಬಿಟ್ಟಿದ್ದರು. ಆಮೇಲೆ ಅವನು ಜಾಣನಾದ. ಬೀದಿಯ ತುದಿಯಲ್ಲಿ ನಿಂತು, "ತಕ್ಕಡಿ ಮಾವನ ಮನೆ ಯಾವುದು?" ಎಂದು ಕೇಳುತ್ತಿದ್ದ. ನಾಯಿಗಳೂ ದಾರಿ ತೋರಿಸುತ್ತಿದ್ದವು.

ತಕ್ಕಡಿ ಮಾವ ಸರಕಿನ ಯಾರ್ಡಿನ ಬಾಗಿಲಲ್ಲಿ ಲಾರಿಗಳನ್ನು ತೂಗುತ್ತಿದ್ದವರು. ಒಂದು ವರ್ಷ ಎರಡು ವರ್ಷವಲ್ಲ, ಮೂವತ್ತನಾಲ್ಕು ವರ್ಷ. ಲಾರಿ ಖಾಲಿಯಾಗಿ ಬಂದು ತೂಕದ ಕಟ್ಟೆಯ ಮೇಲೆ ನಿಲ್ಲಬೇಕು, ಮಾವ ಕಿಟಕಿಯಿಂದ ತಲೆ ಹಾಕಿ ಅದರ ತೂಕ ಕೂಗಬೇಕು. ಆಮೇಲೆ ಒಳಗೆ ಹೋಗಿ ಸರಕು ತುಂಬಿಕೊಂಡು ಬಂದು ಮತ್ತೆ ನಿಲ್ಲಬೇಕು, ಮಾವ ಮತ್ತೆ ಕೂಗಬೇಕು. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಸರಕಿನ ತೂಕ. ಇಷ್ಟೇ ಕೆಲಸ. ಆದರೆ ಮಾವ ಈ ಇಷ್ಟೇ ಕೆಲಸದಿಂದ ಒಂದು ಧರ್ಮವನ್ನೇ ಹುಟ್ಟಿಸಿಕೊಂಡಿದ್ದರು. ಅದರಲ್ಲಿ ಎರಡೇ ನಿಯಮ. ಒಂದು, ಖಾಲಿ ತೂಕ ಗೊತ್ತಿಲ್ಲದೆ ತುಂಬಿದ ತೂಕ ನಂಬಬಾರದು. ಎರಡು, ತೂಕವನ್ನು ಕೂಗಿ ಹೇಳಬೇಕು. "ಕಿವಿಯಲ್ಲಿ ಹೇಳಿದ ತೂಕ ಅರ್ಧ ಸುಳ್ಳು ಕಣಯ್ಯಾ. ಡ್ರೈವರಿಗೂ ಕೇಳಬೇಕು, ಮಾಲೀಕನಿಗೂ ಕೇಳಬೇಕು, ಗೋಡೆ ಮೇಲಿನ ಕಾಗೆಗೂ ಕೇಳಬೇಕು" ಎನ್ನುತ್ತಿದ್ದರು.

ಕೆಲಸ ಮನುಷ್ಯನ ಮೈಗೆ ಹತ್ತುತ್ತದೆ ಎನ್ನುತ್ತಾರಲ್ಲ, ಮಾವನ ಕಣ್ಣಿಗೆ ಹತ್ತಿತ್ತು. ಏನನ್ನು ಕಂಡರೂ ಮೊದಲು ಕಾಣುವುದು ಅದರ ತೂಕ. ಅವರ ಹೆಂಡತಿ ಬೀದಿಗೆಲ್ಲ ಅತ್ತೆ. ಮದುವೆಗೆ ಮೊದಲು ಅತ್ತೆಯನ್ನು ಮಾವ ಮೊದಲ ಸಲ ನೋಡಿದ್ದು ಬಸ್ಸಿಗೆ ಕಾಯುವ ಸಾಲಿನಲ್ಲಿ. ಆಕೆ ಆಗಷ್ಟೇ ಟೀಚರ್ ಆಗಿದ್ದರು, ಹೆಗಲಲ್ಲಿ ಪುಸ್ತಕದ ಚೀಲ. ಬೇರೆ ಯಾರಾದರೂ ಆಗಿದ್ದರೆ ಹವಾಮಾನದ ಮಾತೆತ್ತುತ್ತಿದ್ದರು, ಹಿಂದೆ ನಿಂತಿದ್ದ ಈ ಪುಣ್ಯಾತ್ಮ "ಹನ್ನೊಂದು ಕಿಲೋ!" ಎಂದು ಕೂಗಿದರು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಟೀಚರಮ್ಮ ಮಾತ್ರ ತಿರುಗಿಯೂ ನೋಡದೆ, "ಹತ್ತೂವರೆ" ಎಂದರು. ಆ ಅರ್ಧ ಕಿಲೋ ಜಗಳ ಮುಗಿಸಲೆಂದೇ ಇಬ್ಬರೂ ಮದುವೆಯಾದರು ಎಂದು ಬೀದಿ ಹೇಳುತ್ತದೆ. ಜಗಳವೇನೂ ಮುಗಿಯಲಿಲ್ಲ. ಒಬ್ಬಳು ಮಗಳು ಹುಟ್ಟಿದಳು. ಹುಟ್ಟಿದಾಗ ಎಷ್ಟಿದ್ದಳು ಎಂಬುದರಲ್ಲೂ ಇಬ್ಬರಿಗೂ ಒಮ್ಮತವಿಲ್ಲ.

ಮಾವ ನಿವೃತ್ತರಾದ ವರ್ಷವೇ ಯಾರ್ಡಿಗೆ ಕಂಪ್ಯೂಟರ್ ತೂಕ ಬಂತು. ಚೀಲ ತೂಗುತ್ತಿದ್ದ ಹಳೆಯ ತಕ್ಕಡಿಯನ್ನು ಮೂಲೆಗೆ ತಳ್ಳಿದರು. ಕಬ್ಬಿಣದ ಹಲಗೆ, ಎದೆಯೆತ್ತರದ ಕಂಬ, ಕಂಬದ ತಲೆಯ ಮೇಲೆ ಅಡ್ಡಕೋಲು, ಆ ಕೋಲಿನ ಮೇಲೆ ಸರಿದಾಡುವ ಹಿತ್ತಾಳೆಯ ಗುಂಡು, ಕೆಳಗೆ ಎರಡು ಪುಟ್ಟ ಚಕ್ರ. ಬೀಳ್ಕೊಡುಗೆಗೆ ಏನು ಬೇಕೆಂದು ಕೇಳಿದಾಗ ಮಾವ ಗಡಿಯಾರ ಬೇಡವೆಂದರು, ಶಾಲು ಬೇಡವೆಂದರು, ಆ ತಕ್ಕಡಿ ಕೊಡಿ ಎಂದರು. ಮಗಳು ಶಾಲೆಯ ವ್ಯಾನ್ ಓಡಿಸುತ್ತಾಳೆ. ಅದೇ ವ್ಯಾನಿನಲ್ಲಿ ತಕ್ಕಡಿ ಮದುಮಗಳ ಹಾಗೆ ಮನೆಗೆ ಬಂತು.

ಅತ್ತೆ ಬಾಗಿಲಲ್ಲೇ ಸೊಂಟಕ್ಕೆ ಕೈಯಿಟ್ಟು ನಿಂತರು. "ಬಂದಳಾ ನನ್ನ ಸವತಿ?"

ಅಂದಿನಿಂದ ತಕ್ಕಡಿಗೆ ಆ ಮನೆಯಲ್ಲಿ ಸವತಿ ಎಂದೇ ಹೆಸರು. ಸವತಿಗೆ ಬಾಲ್ಕನಿಯಲ್ಲಿ ಜಾಗವಾಯಿತು. ಒಪ್ಪಂದದ ಮಾತನ್ನು ಅತ್ತೆ ಶಾಲೆಯ ದನಿಯಲ್ಲಿ ಹೇಳಿದರು: "ಬಾಲ್ಕನಿಯಲ್ಲಿ ಇರೋವರೆಗೆ ಇರ್ಲಿ. ಒಂದೇ ಒಂದು ಸಲ ಹಾಲ್‌ಗೆ ಕಾಲಿಟ್ಲೋ, ಮಾರನೇ ದಿನ ಗುಜರಿಗೆ. ಮಾತು ಅಂದ್ರೆ ಮಾತು." ಅತ್ತೆಯ ಮಾತು ಕಲ್ಲಿನ ಮೇಲಿನ ಗೆರೆ. ಮಗಳ ಗಿಟಾರು, ಮಾವನ ಬೀಡಿ, ಎರಡೂ ಹಾಗೇ ಹೋಗಿದ್ದವು.

ಹಾಲ್ ಯಾಕೆ ಅಷ್ಟು ಮಡಿ ಎನ್ನುತ್ತೀರಾ? ಅಲ್ಲಿ ಜಮಖಾನೆ ಇತ್ತು. ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ, ದಪ್ಪ ಹತ್ತಿಯದು, ಕೆಂಪು ನೀಲಿ ಪಟ್ಟೆ. ಮನೆಯ ಹಾಲ್ ನೋಡಿ ಜಮಖಾನೆ ತಂದರೋ, ಜಮಖಾನೆ ನೋಡಿ ಮನೆ ಹಿಡಿದರೋ ಎನ್ನುವಷ್ಟು ಸರಿಯಾಗಿ ಗೋಡೆಯಿಂದ ಗೋಡೆಗೆ ಕೂತಿತ್ತು. ಸಂಜೆಯಾದರೆ ಬೀದಿಯ ಇಪ್ಪತ್ತೆರಡು ಮಕ್ಕಳು ಅದರ ಮೇಲೆ ಸಾಲಾಗಿ ಕೂತು ಅತ್ತೆಯ ಹತ್ತಿರ ಲೆಕ್ಕ ಕಲಿಯುತ್ತಿದ್ದರು. ಕೆಂಪು ಪಟ್ಟೆಯಲ್ಲಿ ಕೂಡುವ ಲೆಕ್ಕದವರು, ನೀಲಿಯಲ್ಲಿ ಕಳೆಯುವ ಲೆಕ್ಕದವರು. ಇವತ್ತು ಬ್ಯಾಂಕಿನಲ್ಲಿ ಕೂತವರೂ ಒಂದು ಕಾಲಕ್ಕೆ ಆ ನೀಲಿ ಪಟ್ಟೆಯಲ್ಲಿ ಅಳುತ್ತ ಕೂತವರೇ. ಪ್ರತಿ ಭಾನುವಾರ ಅತ್ತೆ ಅದಕ್ಕೆ ಕೋಲಿನಿಂದ ಬಡಿದು ಧೂಳು ಕೊಡವುತ್ತಿದ್ದರು. ನೀರು ಮಾತ್ರ ಸೋಕಿಸಿರಲಿಲ್ಲ. "ನೀರು ಬಿದ್ರೆ ಕುಗ್ಗುತ್ತೆ, ಬಣ್ಣ ಬಿಡುತ್ತೆ. ಕೊಳೆ ಇದ್ರೆ ತಾನೆ ತೊಳೆಯೋದು? ನನ್ನ ಜಮಖಾನೆ ಮೇಲೆ ಅನ್ನ ಚೆಲ್ಲಿ ಉಣ್ಣಬಹುದು" ಎನ್ನುತ್ತಿದ್ದರು. ಇಪ್ಪತ್ತು ವರ್ಷ ಯಾರೂ ಚೆಲ್ಲಿ ಉಣ್ಣಲು ಹೋಗಲಿಲ್ಲ, ಹಾಗಾಗಿ ಮಾತು ನಿಂತಿತ್ತು.

ಒಂದು ಸೋಮವಾರ ಅತ್ತೆ ತಮ್ಮ ಅಕ್ಕನ ಮನೆಗೆ ಹೊರಟರು. ಶುಕ್ರವಾರ ಸಂಜೆಗೆ ವಾಪಸ್ಸು. ಮಂಗಳವಾರ ಮಧ್ಯಾಹ್ನ ಟಿವಿಯಲ್ಲಿ ಪಂದ್ಯವಿತ್ತು. ಸವತಿಯ ಕೀಲುಗಳಿಗೆ ಎಣ್ಣೆ ಬಿಡುವ ದಿನವೂ ಅದೇ. ಮಾವ ಒಂದು ಸಲ ಬಾಲ್ಕನಿ ನೋಡಿದರು, ಒಂದು ಸಲ ಟಿವಿ ನೋಡಿದರು. ಮನೆಯಲ್ಲಿ ಯಾರಿದ್ದಾರೆ? ತಕ್ಕಡಿಯನ್ನು ಮೆಲ್ಲಗೆ ಉರುಳಿಸಿಕೊಂಡು ಹಾಲ್‌ಗೆ ತಂದು, ಕೆಳಗೆ ಪೇಪರು ಹಾಸಿ, ಎಣ್ಣೆಯ ಡಬ್ಬಿ ತೆರೆದು ಕೂತರು. ಕೊನೆಯ ಓವರು. ಚೆಂಡು ಗಾಳಿಯಲ್ಲಿ. ಮಾವನೂ ಗಾಳಿಯಲ್ಲಿ. ಚೆಂಡು ಒಬ್ಬನ ಕೈಗೆ ಬಂತು, ಮಾವನ ಕಾಲು ಡಬ್ಬಿಯ ಮೇಲೆ ಬಂತು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ ಎಂಬ ಗಾದೆ ಕೇಳಿದ್ದೇವೆ. ಮಾವನ ಕಣ್ಣು ತೆರೆದೇ ಇತ್ತು, ಟಿವಿಯ ಮೇಲಿತ್ತು ಅಷ್ಟೇ. ಕೆಳಗೆ ನೋಡುವಷ್ಟರಲ್ಲಿ ಜಮಖಾನೆಯ ಮೂಲೆಯಲ್ಲಿ ಊಟದ ತಟ್ಟೆಯಗಲದ ಕಪ್ಪು ಕಲೆ ಕಾಲು ಚಾಚಿಕೊಂಡು ಕೂತಿತ್ತು.

ಫೋನಿನಲ್ಲಿ ಅಪ್ಪನ ದನಿ ಕೇಳಿ ಮಗಳು ವ್ಯಾನ್ ತಿರುಗಿಸಿಕೊಂಡು ಬಂದಳು. ಬಂದು ನೋಡಿದರೆ ಅಪ್ಪ ನೆಲದಲ್ಲಿ ಕೂತು ಕುಟ್ಟಾಣಿಯಲ್ಲಿ ಏನೋ ಕುಟ್ಟುತ್ತಿದ್ದಾರೆ.

"ಅಪ್ಪಾ, ಏನದು?"

"ಸೀಮೆಸುಣ್ಣ. ಯಾರ್ಡಲ್ಲಿ ಎಣ್ಣೆ ಚೆಲ್ಲಿದ್ರೆ ಪುಡಿ ಹಾಕ್ತಿದ್ವಿ. ಪುಡಿ ಎಣ್ಣೆ ಕುಡಿಯುತ್ತೆ."

"ಅಮ್ಮನ ಸೀಮೆಸುಣ್ಣನಾ? ಎಷ್ಟು?"

"ಒಂದು ಡಬ್ಬಿ."

"ಒಂದು ತಪ್ಪು ಮುಚ್ಚೋಕೆ ಇನ್ನೊಂದಾ? ನಿಮಗೆ ದೇವರೇ ಗತಿ."

ಆದರೂ ಸೀಮೆಸುಣ್ಣ ತನ್ನ ಕೆಲಸ ಮಾಡಿತು. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಗುಡಿಸಿದರೆ ಪುಡಿ ಕಪ್ಪಗಾಗಿತ್ತು, ಕಲೆ ಬೂದು ಬಣ್ಣಕ್ಕೆ ತಿರುಗಿತ್ತು. ಆದರೆ ಹೋಗಿರಲಿಲ್ಲ. ಮಗಳು ಮೂಲೆಯನ್ನು ತಿರುಗಿಸಿ ನೋಡಿದಳು. ಅಡಿಯಲ್ಲಿ ಬೆರಳುದ್ದದ ಒಂದು ಬಟ್ಟೆಯ ಚೀಟಿ ಹೊಲಿದಿತ್ತು. ಇಪ್ಪತ್ತು ವರ್ಷ ಕತ್ತಲಲ್ಲಿದ್ದ ಅಕ್ಷರ.

"ಅಪ್ಪಾ, ಇಲ್ಲಿ ಬರೆದಿದೆ. ಮನೆಯಲ್ಲೇ ತೊಳೆಯಬಹುದು, ತಣ್ಣೀರು, ಸೌಮ್ಯ ಸೋಪು."

"ನಿಮ್ಮಮ್ಮ ಕುಗ್ಗುತ್ತೆ ಅಂತಿದ್ಲು!"

"ಅಮ್ಮ ಅಡಿಭಾಗ ನೋಡೇ ಇಲ್ಲ."

ಒದ್ದೆ ಬಿಳಿ ಬಟ್ಟೆಯನ್ನು ಕೆಂಪು ಪಟ್ಟೆಯ ಮೇಲೆ ಉಜ್ಜಿ ನೋಡಿದರು. ಬಟ್ಟೆ ಬಿಳಿಯಾಗಿಯೇ ಉಳಿಯಿತು, ಬರೀ ಒಂದಿಷ್ಟು ಮಣ್ಣು. ಬಣ್ಣ ಬಿಡುವುದಿಲ್ಲ ಎಂದಾಯಿತು. ತೊಳೆಯುವುದು ಎಂದೂ ಆಯಿತು. ಮಾವ ಅದಕ್ಕೆ ಮೊದಲು ಜಮಖಾನೆಯನ್ನು ಸುತ್ತಿ ಬಾಲ್ಕನಿಗೆ ಒಯ್ದು, ಸವತಿಯ ಮೇಲೆ ಮಲಗಿಸಿ, ಗುಂಡು ಸರಿಸಿ, ರೂಢಿಯಂತೆ ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು: "ಹನ್ನೊಂದು ಕಿಲೋ ನಾನೂರು!"

"ಈಗ ತೂಗಿ ಏನು ಮಾಡ್ತೀರ?"

"ಖಾಲಿ ತೂಕ ಕಣೇ. ಒಣಗಿದೆಯೋ ಇಲ್ಲವೋ ಅಂತ ಹೇಗೆ ಗೊತ್ತಾಗುತ್ತೆ? ಹೊರಗೆ ಒಣಗಿರುತ್ತೆ, ಒಳಗೆ ಹಸಿ ಇರುತ್ತೆ, ಹಾಸಿದ್ರೆ ನಾಲ್ಕು ದಿನಕ್ಕೆ ವಾಸನೆ. ಮತ್ತೆ ಹನ್ನೊಂದು ನಾನೂರಕ್ಕೆ ಬಂತು ಅಂದ್ರೆ ನೀರೆಲ್ಲ ಹೋಯ್ತು ಅಂತ ಅರ್ಥ. ಹನ್ನೊಂದು ಕಿಲೋ ಯಾವ ಲೆಕ್ಕ, ನಾನೊಬ್ಬನೇ ತೊಳೀತೀನಿ, ನೀನು ಮಕ್ಕಳನ್ನ ಬಿಟ್ಟು ಬಾ ಹೋಗು."

ಮಗಳು ಹೋದಳು. ಮಾವ ಜಮಖಾನೆಯನ್ನು ಬಚ್ಚಲುಮನೆಗೆ ಎಳೆದು ತಂದು, ಅಂಗೈಯಗಲ ಅಂಗೈಯಗಲ ಮಡಿಸಿ, ನಲ್ಲಿ ತಿರುಗಿಸಿದರು. ಜಮಖಾನೆ ಕುಡಿಯಿತು. ಒಂದು ಬಕೆಟ್ ಕುಡಿಯಿತು, ಎರಡು ಕುಡಿಯಿತು. ಬೇಸಿಗೆಯಲ್ಲಿ ದೂರದಿಂದ ನಡೆದು ಬಂದ ನೆಂಟನ ಹಾಗೆ, ಕೊಟ್ಟಷ್ಟೂ ಕುಡಿಯಿತು. ಐದನೆಯ ಬಕೆಟ್ಟಿಗೆ ಅದರ ಹೊಟ್ಟೆ ತುಂಬಿತು. ಮಾವ ಸೋಪು ಹಾಕಿ ಮೇಲೆ ನಿಂತು ತುಳಿದರು. ಕಂದು ನೊರೆ ಬಂತು. ಸರಿ, ಇನ್ನೊಂದು ಮಗ್ಗುಲು ತುಳಿಯೋಣ ಎಂದು ಅಂಚು ಹಿಡಿದು ಎತ್ತಿದರು. ಅಂಚು ಏಳಲಿಲ್ಲ. ಎರಡು ಕೈ ಹಾಕಿದರು. ಅಂಚು ಎದ್ದಿತು, ಉಳಿದದ್ದು ಮಲಗಿಯೇ ಇತ್ತು. ಎಳೆದರು. ಜಮಖಾನೆ ಒಂದು ಮೊಳ ಸರಿದು ನೀರು ಹೋಗುವ ತೂತಿನ ಮೇಲೆ ಸರಿಯಾಗಿ ಕೂತುಬಿಟ್ಟಿತು. ಈಗ ನೀರು ಹೋಗುವುದಕ್ಕೆ ಉಳಿದದ್ದು ಒಂದೇ ದಾರಿ, ಹಾಲ್‌ನದು.

ಮೂವತ್ತನಾಲ್ಕು ವರ್ಷ ತೂಕ ಕೂಗಿದವರು ನೀರಿಗೂ ತೂಕವಿದೆ ಎಂಬುದನ್ನು ಮರೆತಿದ್ದರು.

ಕೆಳಗಿನ ಮನೆಯ ಪ್ಲಂಬರ್ ಯಾರೂ ಕರೆಯದೆಯೇ ಮೇಲೆ ಬಂದ. ಅವನ ಅಡುಗೆಮನೆಯ ಸೂರಿನಿಂದ ತೊಟ್ಟಿಕ್ಕತೊಡಗಿತ್ತು. ಬಚ್ಚಲ ಬಾಗಿಲಲ್ಲಿ ನಿಂತು, ಪ್ಯಾಂಟು ಮಡಿಸಿಕೊಂಡು ಮಂಡಿಯವರೆಗೆ ನೊರೆಯಲ್ಲಿ ನಿಂತಿದ್ದ ಮಾವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಮಾವ, ಒಳಗೆ ಆನೆಗೆ ಸ್ನಾನ ಮಾಡಿಸ್ತಿದೀರಾ?"

"ಜಮಖಾನೆ ಕಣೋ."

"ಇಷ್ಟು ದೊಡ್ಡದನ್ನ ಇಷ್ಟು ಚಿಕ್ಕದರಲ್ಲಿ ಯಾರಾದ್ರೂ ತೊಳೀತಾರಾ? ತಾರಸಿಗೆ ತಗೊಂಡು ಹೋಗೋದಲ್ವಾ? ಅಲ್ಲಿ ಟ್ಯಾಂಕ್ ಇದೆ, ಪೈಪ್ ಇದೆ, ಬಿಸಿಲಿದೆ."

"ಈಗ ಹೇಳ್ತೀಯಲ್ಲ!"

"ಈಗ ತಾನೆ ನೀರು ನಮ್ಮನೇಗೆ ಬಂದಿದ್ದು."

ಮಗಳು ಬಂದಳು. ಮೂವರೂ ಸೇರಿ ಜಮಖಾನೆಯನ್ನು ಸುತ್ತುತ್ತ, ಸುತ್ತಿದ್ದರ ಮೇಲೆ ಕೂರುತ್ತ, ಹಿಂಡುತ್ತ, ಒಂದು ಗಂಟೆ ಹೆಣಗಿದರು. ಪ್ಲಂಬರ್ ತನ್ನ ಉದ್ದನೆಯ ಕಬ್ಬಿಣದ ಪೈಪನ್ನು ಸುರುಳಿಯ ಮಧ್ಯೆ ತೂರಿಸಿದ. ಅತ್ತ ಮಗಳು, ಇತ್ತ ಪ್ಲಂಬರ್, ನಡುವೆ ಮಾವ. ಮೆಟ್ಟಿಲ ಕಡೆಗೆ ಹೊರಟ ಮೆರವಣಿಗೆ ಬಾಲ್ಕನಿ ದಾಟುವಾಗ ಮಾವ ಗಕ್ಕನೆ ನಿಂತರು.

"ಒಂದು ನಿಮಿಷ. ಪೈಪು ತೆಗೆದು ಸವತಿ ಮೇಲೆ ಇಡಿ."

"ಅಪ್ಪಾ, ಬೇಡ."

"ಒಂದೇ ನಿಮಿಷ ಕಣೇ."

ಇಟ್ಟರು. ಸವತಿ ನರಳಿದಳು. ಗುಂಡು ಸರಿಯಿತು, ಸರಿಯಿತು, ಇನ್ನೂ ಸರಿಯಿತು. ಸೋತು ಸುಣ್ಣವಾಗಿದ್ದ ಮಾವನ ಮುಖ ಹೂವಿನ ಹಾಗೆ ಅರಳಿತು. "ನಲವತ್ತೇಳು ಕಿಲೋ! ಕೇಳಿದ್ರಾ? ಮೂವತ್ತೈದು ಕಿಲೋ ಆರುನೂರು ನೀರು!"

"ಕೇಳಿದೆ ಮಾವ," ಎಂದ ಪ್ಲಂಬರ್, "ನನ್ನ ಸೊಂಟಕ್ಕೂ ಕೇಳಿಸ್ತು."

ತಾರಸಿಯ ಮೇಲೆ ಕೆಲಸ ಹಾಡಿನಂತೆ ಸಾಗಿತು. ಜಮಖಾನೆಯನ್ನು ಉದ್ದಗಲ ಹಾಸಿದರು. ಕಲೆಯಿದ್ದ ಮೂಲೆಗೆ ಪಾತ್ರೆ ತೊಳೆಯುವ ಸೋಪು ಹಚ್ಚಿ, ನೇಯ್ಗೆ ಹೋದ ದಿಕ್ಕಿಗೇ ಮೆತ್ತನೆಯ ಬ್ರಷ್ಷಿನಿಂದ ಉಜ್ಜಿದರು. ಆಮೇಲೆ ಸೋಪಿನ ನೀರು ಚೆಲ್ಲಿ ಮೂವರೂ ಒಂದೊಂದು ಪಟ್ಟೆ ಹಿಡಿದು ಆ ತುದಿಯಿಂದ ಈ ತುದಿಗೆ ತುಳಿದರು. ಪೈಪು ಹಿಡಿದಾಗ ಮೊದಲು ಹೊರಟದ್ದು ಕಾಫಿ ಬಣ್ಣದ ನೀರು, ಆಮೇಲೆ ಚಹಾ ಬಣ್ಣದ್ದು, ಆಮೇಲೆ ಹಾಲು ಹೆಚ್ಚಾದ ಚಹಾ. ನೀರಿನ ಜೊತೆಗೆ ಏನೇನು ಬಂತು ಗೊತ್ತೇ? ಪೆನ್ಸಿಲ್ ಸೀಸದ ಚೂರು, ರಬ್ಬರಿನ ಪುಡಿ, ಎರಡು ಗುಂಡಿ, ಯಾರದೋ ಹಾಲುಹಲ್ಲು. ಮಗಳು ಹಲ್ಲನ್ನು ಬೆಳಕಿಗೆ ಹಿಡಿದಳು.

"ಇದು ಭಾಗಾಕಾರ ಬರದೇ ಇದ್ದ ಯಾರೋ ಪಾಪದವರದ್ದು."

"ನಿಂದೇ ಇರಬೇಕು ನೋಡು," ಎಂದರು ಮಾವ.

ನೀರು ತಿಳಿಯಾಗುವ ಹೊತ್ತಿಗೆ ಸೂರ್ಯ ನೆತ್ತಿ ದಾಟಿದ್ದ. ಗಿಡ್ಡ ಗೋಡೆಯ ಮೇಲೆ ಜಮಖಾನೆಯನ್ನು ಇಳಿಬಿಟ್ಟರು. ಕೆಂಪು ಕೆಂಪಾಗಿತ್ತು, ನೀಲಿ ನೀಲಿಯಾಗಿತ್ತು, ಮೂರನೆಯ ಒಂದು ಸಣ್ಣ ಹಳದಿ ಎಳೆಯೂ ಇತ್ತೆಂಬುದು ಆಗ ತಿಳಿಯಿತು. ಮೂಲೆಯಲ್ಲಿ ಮಾತ್ರ ತಟ್ಟೆಯಗಲದ ಒಂದು ನೆರಳು ಉಳಿಯಿತು. ಗೊತ್ತಿದ್ದವರು ಹುಡುಕಿದರೆ ಕಾಣುವಷ್ಟು, ಗೊತ್ತಿಲ್ಲದವರಿಗೆ ಮೋಡದ ನೆರಳು ಎನ್ನಿಸುವಷ್ಟು.

ಬುಧವಾರ ಸಂಜೆ ತೂಗಿದರು, ಹತ್ತೊಂಬತ್ತು. ಗುರುವಾರ ಬೆಳಿಗ್ಗೆ ಮಗ್ಗುಲು ಬದಲಿಸಿ ಮಧ್ಯಾಹ್ನ ತೂಗಿದರು, ಹದಿಮೂರು ಇನ್ನೂರು. ಗುರುವಾರ ಸಂಜೆ ಗುಂಡು ಸರಿಯಾಗಿ ಹನ್ನೊಂದು ನಾನೂರರ ಗೆರೆಯಲ್ಲಿ ನಿಂತಿತು.

"ಮುಗೀತು! ಒಣಗಿತು! ಹಾಸೋಣ ನಡಿ," ಎಂದರು ಮಾವ.

ಮಗಳು ಜಮಖಾನೆಯ ನಡುಭಾಗಕ್ಕೆ ಕೆನ್ನೆ ಒತ್ತಿದಳು. "ಅಪ್ಪಾ, ಹಸಿ ಇದೆ."

"ಇಲ್ಲ. ತಕ್ಕಡಿ ನೋಡು."

"ನನ್ನ ಕೆನ್ನೆ ನೋಡಿ."

ಮಾವ ಕೈಯಿಟ್ಟು ನೋಡಿದರು. ತಣ್ಣಗಿತ್ತು. ತಮ್ಮ ಕೆನ್ನೆಯನ್ನೂ ಒತ್ತಿದರು. ಒದ್ದೆ. ಅವರು ಸವತಿಯ ಮುಂದೆ ಹೋಗಿ ನಿಂತರು. ಇಷ್ಟು ವರ್ಷದಲ್ಲಿ ಕೈಯೂ ತಕ್ಕಡಿಯೂ ಬೇರೆ ಬೇರೆ ಮಾತಾಡಿದ್ದು ಇದೇ ಮೊದಲು. ಹಲಗೆಯ ಅಡಿ ನೋಡಿದರು, ಕೋಲು ತಟ್ಟಿದರು, ತಾವೇ ಹತ್ತಿ ಇಳಿದರು. ಎಲ್ಲ ಸರಿಯಿತ್ತು. ಆ ರಾತ್ರಿ ಊಟ ಸೇರಲಿಲ್ಲ.

ಶುಕ್ರವಾರ ನಡುಹಗಲ ಹೊತ್ತಿಗೆ ಜಮಖಾನೆ ಹಪ್ಪಳದಂತೆ ಒಣಗಿತ್ತು. ತೂಗಿದರೆ ಒಂಬತ್ತು ಕಿಲೋ ನೂರು. ಒಂದು ಗಂಟೆ ಬಿಟ್ಟು ತೂಗಿದರೂ ಅಷ್ಟೇ. ಮಾವ ಗುಂಡನ್ನು ದಿಟ್ಟಿಸಿದರು, ಜಮಖಾನೆಯನ್ನು ದಿಟ್ಟಿಸಿದರು, ಆಮೇಲೆ ಮೆಲ್ಲಗೆ ಮಗಳ ತೋಳು ಹಿಡಿದರು.

"ಮಗಳೇ, ನಾನು ಮೊದಲು ತೂಗಿದ್ದು ಖಾಲಿ ಲಾರಿ ಅಲ್ಲ."

"ಅಂದ್ರೆ?"

"ತುಂಬಿದ ಲಾರಿ. ಇಪ್ಪತ್ತು ವರ್ಷದ ಸರಕು. ಎರಡು ಕಿಲೋ ಮುನ್ನೂರು ಕೊಳೆ! ನಿನ್ನೆ ಅದು ಹೋದ ಜಾಗದಲ್ಲಿ ಅಷ್ಟೇ ತೂಕದ ನೀರು ಕೂತಿತ್ತು. ತಕ್ಕಡಿ ಸುಳ್ಳು ಹೇಳಿರಲಿಲ್ಲ, ನಾನೇ ತಪ್ಪು ಪ್ರಶ್ನೆ ಕೇಳಿದ್ದೆ!"

ಮಾವನ ಮುಖಕ್ಕೆ ಜೀವ ಬಂದದ್ದನ್ನು ಕಂಡು ಮಗಳು ಬೀದಿಯ ಕಡೆಗೊಮ್ಮೆ ನೋಡಿದಳು. ಆ ಮುಖ ಅವಳಿಗೆ ಗೊತ್ತು, ಅದು ಕಿಟಕಿಯಿಂದ ಹೊರಬರುವ ಮುಖ. "ಅಪ್ಪಾ, ನನ್ನಾಣೆ, ಇದನ್ನ ಅಮ್ಮನ ಮುಂದೆ ಹೇಳ್ಬೇಡಿ. ಕೊಳೆ ಅಂದ್ರೆ ಯಾಕೆ ತೊಳೆದ್ರಿ ಅಂತಾರೆ, ಯಾಕೆ ಅಂದ್ರೆ ಎಣ್ಣೆ ಅನ್ಬೇಕು, ಎಣ್ಣೆ ಅಂದ್ರೆ ಹಾಲ್‌ಗೆ ತಕ್ಕಡಿ ತಂದಿದ್ದು ಅನ್ಬೇಕು. ನಾಳೆ ಬೆಳಿಗ್ಗೆ ಗುಜರಿಯವನು ಬಾಗಿಲಲ್ಲಿ ನಿಂತಿರ್ತಾನೆ. ಬಾಯಿಗೆ ಬೀಗ. ಸರಿನಾ?"

"ಸರಿ," ಎಂದರು ಮಾವ. ಬಾಯಲ್ಲಿ ಕೆಂಡವಿಟ್ಟುಕೊಂಡವರ ಹಾಗೆ ಎಂದರು.

ಸಂಜೆ ಅತ್ತೆ ಬಂದರು. ಚಪ್ಪಲಿ ಬಿಟ್ಟು ಒಳಗೆ ಬಂದವರು ಸುತ್ತ ನೋಡಿದರು. "ಏನ್ರೀ, ಹೊಸ ಬಲ್ಬ್ ಹಾಕಿದ್ರಾ? ಹಾಲ್ ಬೆಳಕಾಗಿದೆಯಲ್ಲ."

"ಇಲ್ಲ," ಎಂದರು ಮಾವ.

"ಹೌದಮ್ಮ," ಎಂದಳು ಮಗಳು, ಅದೇ ಉಸಿರಿನಲ್ಲಿ.

ಅತ್ತೆ ಇಬ್ಬರನ್ನೂ ನೋಡಿ, ಕೂತು ಕಾಫಿ ಕುಡಿದರು. ಅಕ್ಕನ ಮನೆಯ ಸುದ್ದಿ ಹೇಳಿದರು. ಅಕ್ಕನ ಸೊಕ್ಕಿನ ಸುದ್ದಿಗೆ ಬಂದಾಗ ಯಾಕೋ ಅರ್ಧಕ್ಕೆ ನಿಲ್ಲಿಸಿದರು. ಮಾವ ತಲೆಯಾಡಿಸುತ್ತಿದ್ದರು. ಅವರ ಹಣೆಯಲ್ಲಿ ಬೆವರಿತ್ತು. ಕುತ್ತಿಗೆಯ ನರ ಉಬ್ಬಿತ್ತು. ಅತ್ತೆ ಕಾಲು ಚಾಚಿ, ಅಂಗೈಯಿಂದ ಜಮಖಾನೆ ಸವರಿ, ನೆಮ್ಮದಿಯ ಉಸಿರು ಬಿಟ್ಟು ಹೇಳಿದರು:

"ಏನೇ ಹೇಳಿ, ಅಕ್ಕನ ಮನೇಲಿ ಎಲ್ಲೆಲ್ಲೂ ಧೂಳು. ನಮ್ಮನೇಲಿ ಒಂದು ಗ್ರಾಂ ಕೊಳೆ ತೋರಿಸಲಿ ನೋಡೋಣ."

"ಎರಡು ಕಿಲೋ ಮುನ್ನೂರು!"

ಕೂಗು ಬಾಗಿಲು ದಾಟಿ ಬೀದಿಗೆ ಹೋಯಿತು. ಕೆಳಗೆ ಪ್ಲಂಬರ್ ಕೈಯಿಂದ ಸ್ಪ್ಯಾನರ್ ಬಿದ್ದ ಸದ್ದು ಮೇಲಕ್ಕೆ ಬಂತು. ಮಗಳು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು.

ಒಮ್ಮೆ ಕಟ್ಟೆ ಒಡೆದ ಮೇಲೆ ಕೇಳಬೇಕೇ. ಎಣ್ಣೆ, ಪಂದ್ಯ, ಸೀಮೆಸುಣ್ಣ, ಬಚ್ಚಲು, ನಲವತ್ತೇಳು ಕಿಲೋ, ಎಲ್ಲ ಬಂತು. ಅತ್ತೆ ಕಲ್ಲಿನ ಹಾಗೆ ಕೇಳಿದರು.

"ಅಂದ್ರೆ ಸವತಿ ಹಾಲ್‌ಗೆ ಬಂದಿದ್ಲು."

"ಬಂದಿದ್ಲು," ಎಂದರು ಮಾವ. ತಲೆ ತಗ್ಗಿಸಿಯೇ ಹೇಳಿದರು, ಆದರೆ ಕೂಗಿಯೇ ಹೇಳಿದರು.

"ಸರಿ. ಗುಜರಿಗೆ. ಆದ್ರೆ ಅದಕ್ಕೆ ಮೊದಲು ಒಂದು ಲೆಕ್ಕ ಆಗ್ಬೇಕು. ನನ್ನ ಜಮಖಾನೇಲಿ ಎರಡು ಕಿಲೋ ಮುನ್ನೂರು ಕೊಳೆ? ವಾರ ವಾರ ಬಡಿಯೋ ನನ್ನ ಮೇಲೆ ಇಂಥ ಅಪವಾದ? ತಕ್ಕಡಿ ಸುಳ್ಳು. ಸುಳ್ಳು ಅಂತ ನಿಮ್ಮ ಕಣ್ಣೆದುರಿಗೇ ತೋರಿಸಿ ಆಮೇಲೆ ಕಳಿಸ್ತೀನಿ. ತನ್ನಿ ಇಲ್ಲಿಗೆ!"

"ಎಲ್ಲಿಗೆ?"

"ಇಲ್ಲಿಗೆ ರೀ! ಹಾಲ್‌ಗೆ!"

ಮಾವ ಜಮಖಾನೆಯ ಒಂದು ಮೂಲೆ ಮಡಿಸಿ ಬರಿ ನೆಲದ ಮೇಲೆ ತಕ್ಕಡಿ ನಿಲ್ಲಿಸಿದರು. ಅತ್ತೆ ಒಂದು ಸ್ಲೇಟು ತೆಗೆದುಕೊಂಡು, ಸೀಮೆಸುಣ್ಣದ ಡಬ್ಬಿ ಹುಡುಕಿ, ಸಿಗದೆ ಮಾವನನ್ನು ಒಮ್ಮೆ ಸುಡುವಂತೆ ನೋಡಿ, ಚೀಲದ ತಳದಿಂದ ಒಂದು ತುಂಡು ತೆಗೆದು ಏನೋ ಬರೆದು ಮಗಳ ಕೈಗೆ ಕವುಚಿ ಕೊಟ್ಟರು.

"ನೀನು ನೋಡ್ಬೇಡ. ಅಕ್ಕನ ಮನೇಲಿ ಹೊಸಾ ಕರೆಂಟಿನ ತಕ್ಕಡಿ ತಂದಿದಾರೆ. ಮೊನ್ನೆ ಅದರ ಮೇಲೆ ನನ್ನನ್ನ ನಿಲ್ಸಿದ್ರು. ನಾನೆಷ್ಟು ಅಂತ ನನಗೆ ಗೊತ್ತು. ನಿಮ್ಮ ಸವತಿ ಏನು ಹೇಳ್ತಾಳೋ ಕೇಳೋಣ."

ಹತ್ತಿ ನಿಂತರು. ಮಾವ ಗುಂಡು ಸರಿಸಿದರು, ಕೋಲು ಏಳು ಬೀಳು ಆಡಿ ಸಮನಾಗಿ ನಿಂತಿತು. ಕೂಗಿದರು, ಕೊನೆಯ ಸಲ ಕೂಗುವವರ ಹಾಗೆ:

"ಅರವತ್ತು ಕಿಲೋ ಐನೂರು."

ಮಗಳು ಸ್ಲೇಟು ತಿರುಗಿಸಿದಳು. ಅರವತ್ತನಾಲ್ಕು.

ಅತ್ತೆ ಗೆದ್ದರು. ಆದರೆ ಗೆದ್ದವರ ಮುಖ ಹಾಗಿರುವುದಿಲ್ಲ. ಹಲಗೆಯಿಂದ ಇಳಿಯಲೂ ಇಲ್ಲ. "ಎಷ್ಟಂದ್ರಿ?" ಎಂದರು ಮೆಲ್ಲಗೆ.

"ಅರವತ್ತೂವರೆ."

"ಅಕ್ಕ ಅರವತ್ತೆರಡು," ಎಂದರು ಅತ್ತೆ, ತಮಗೆ ತಾವೇ. "ನಾಲ್ಕು ದಿನ ಚುಚ್ಚಿದ್ದಾಳೆ ನನ್ನನ್ನ. ನೀನು ನನಗಿಂತ ದಪ್ಪ ಆಗಿದೀಯ ಅಂತ. ಊಟಕ್ಕೆ ಕೂತಾಗಲೆಲ್ಲ."

ಮಾವ ಕೇಳಿದರು, ಕೆಲಸಗಾರ ಕೆಲಸದ ಪ್ರಶ್ನೆ ಕೇಳುವ ಹಾಗೆ: "ಅವರ ತಕ್ಕಡಿ ಎಲ್ಲಿಟ್ಟಿದ್ರು?"

"ರೂಮಲ್ಲಿ. ಮೆತ್ತನೆ ಕಾಲೊರಸಿನ ಮೇಲೆ."

"ಅಯ್ಯೋ! ತಕ್ಕಡಿಗೆ ಗಟ್ಟಿ ನೆಲ ಬೇಕು ಕಣೇ. ಮೆತ್ತಗಿರೋದರ ಮೇಲೆ ನಿಂತ ತಕ್ಕಡಿ ಬಾಯಿಗೆ ಬಂದಿದ್ದು ಹೇಳುತ್ತೆ."

ಅತ್ತೆ ಅಡಕತ್ತರಿಯಲ್ಲಿ ಸಿಕ್ಕರು. ಸವತಿ ಸುಳ್ಳಿಯಾದರೆ ಜಮಖಾನೆ ಚೊಕ್ಕ, ಆದರೆ ತಾವು ಅರವತ್ತನಾಲ್ಕು. ಸವತಿ ಸತ್ಯವಂತೆಯಾದರೆ ತಾವು ಅಕ್ಕನಿಗಿಂತ ಒಂದೂವರೆ ಕಿಲೋ ಹಗುರ, ಆದರೆ ಇಪ್ಪತ್ತು ವರ್ಷದ ಕೊಳೆಯನ್ನು ಒಪ್ಪಬೇಕು. ಕೂಡಿದರು, ಕಳೆದರು. ಅದು ಮುಖದಲ್ಲೇ ಕಾಣುತ್ತಿತ್ತು. ಮಗಳಿಗೆ ಒಂದು ಅನುಮಾನ ನಾಲಗೆಯ ತುದಿಗೆ ಬಂತು: ದೊಡ್ಡಮ್ಮನೂ ಅದೇ ಕಾಲೊರಸಿನ ಮೇಲೆ ತಾನೆ ನಿಂತದ್ದು? ಬಾಯಿ ತೆರೆಯುವಷ್ಟರಲ್ಲಿ ಮಾವ ಅವಳ ಕಾಲಬೆರಳನ್ನು ಮೆಲ್ಲಗೆ ತುಳಿದರು. ತೂಕವನ್ನು ಮುಚ್ಚಿಡಬಾರದು ಎಂಬ ನಿಯಮವಿತ್ತು. ಯಾರೂ ಕೇಳದ ಪ್ರಶ್ನೆಯ ಬಗ್ಗೆ ನಿಯಮವಿರಲಿಲ್ಲ.

ಅತ್ತೆ ಕೊನೆಗೆ ಹಲಗೆಯಿಂದ ಇಳಿದರು. ಸ್ಲೇಟನ್ನು ಸೆರಗಿನಿಂದ ಒರೆಸಿದರು.

"ಮೂವತ್ತನಾಲ್ಕು ವರ್ಷ ಯಾರ್ಡಲ್ಲಿ ನಿಯತ್ತಾಗಿ ದುಡಿದ ತಕ್ಕಡಿ. ಅದು ಯಾಕೆ ಸುಳ್ಳು ಹೇಳುತ್ತೆ?" ಎಂದರು. "ಇಪ್ಪತ್ತೆರಡು ಮಕ್ಕಳು ಕೂತು ಏಳೋ ಜಮಖಾನೆ. ಕೊಳೆ ಆಗದೆ ಇರುತ್ತಾ? ನೀವು ಯಾಕೆ ಹೀಗೆ ನಿಂತಿದೀರ, ಫೋನ್ ತನ್ನಿ. ಅಕ್ಕನಿಗೆ ಒಂದು ಮಾತು ಹೇಳೋದಿದೆ."

"ಮತ್ತೆ ಸವತಿ...?" ಎಂದರು ಮಾವ.

"ಬಾಲ್ಕನಿ ನೆಲ ಇಳಿಜಾರು. ಅಲ್ಲಿಟ್ರೆ ನನ್ನ ತೂಕ ಸರಿಯಾಗಿ ಬರುತ್ತಾ? ಇಲ್ಲೇ ಇರ್ಲಿ. ಆ ಮಡಿಸಿದ ಮೂಲೆ ಮಡಿಸಿದ ಹಾಗೇ ಇರ್ಲಿ. ಅದರೊಳಗೆ ಏನಿದೆ ಅಂತ ಬಂದ ತಕ್ಷಣ ನೋಡಿದೀನಿ."

ಈಗ ವರ್ಷಕ್ಕೊಮ್ಮೆ ಆ ತಾರಸಿಯಲ್ಲಿ ಜಮಖಾನೆ ತೊಳೆಯುವ ದಿನವಿರುತ್ತದೆ. ಪ್ಲಂಬರ್ ಪೈಪು ತರುತ್ತಾನೆ. ಬಚ್ಚಲಿಗೆ ಅವನೇ ಬೀಗ ಹಾಕಿಸುತ್ತಾನೆ. ಅದು ಒಣಗಿದ ದಿನ ನೀಲಿ ಪಟ್ಟೆಯ ಮಕ್ಕಳಿಗೆ ಅತ್ತೆ ಬೋರ್ಡಿನ ಮೇಲೆ ಕಳೆಯುವ ಲೆಕ್ಕ ಬರೆಯುತ್ತಾರೆ: ತೊಳೆಯುವ ಮೊದಲು ಇಷ್ಟು, ಒಣಗಿದ ಮೇಲೆ ಇಷ್ಟು, ಕೊಳೆ ಎಷ್ಟು? ಮಕ್ಕಳು ಬೆರಳು ಮಡಿಸುತ್ತಾರೆ. ಅಷ್ಟರಲ್ಲಿ ಮಾವ ತಡೆಯಲಾರದೆ ಕಿಟಕಿಯಿಂದ ತಲೆ ಹಾಕಿ, ಬೀದಿಗೂ ಗೋಡೆ ಮೇಲಿನ ಕಾಗೆಗೂ ಕೇಳುವಂತೆ ಕೂಗುತ್ತಾರೆ:

"ಏಳುನೂರು ಗ್ರಾಂ!"

"ಆರುನೂರು," ಎನ್ನುತ್ತಾರೆ ಅತ್ತೆ, ತಿರುಗಿಯೂ ನೋಡದೆ.